ಅಡ್ಡಗಾಳಿಯಲ್ಲಿ ಇಳಿಯುವ ವಿದ್ಯೆ



ಈ ದತ್ತಿ ಉಪನ್ಯಾಸಕ್ಕೆ ವಿಷಯದ ಆಯ್ಕೆಯನ್ನು ನೀವು ನನಗೇ ಬಿಟ್ಟಿರಿ. ವಿಮಾನಯಾನದ ಇತಿಹಾಸವನ್ನು ಹೇಳಿ ಎಂದು ಕೆಲವು ಸ್ನೇಹಿತರು ಸೂಚಿಸಿದರು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರಿದ್ದಾರೆ. ನನ್ನ ಆಯುಷ್ಯದ ಬಹುಭಾಗ ಕಳೆದದ್ದು ಎರಡು ಅಥವಾ ನಾಲ್ಕು ಆಸನದ ಪುಟ್ಟ ವಿಮಾನಗಳಲ್ಲಿ, ಹಾರಲು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು. ಆ ವರ್ಷಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರದಲ್ಲಿಟ್ಟ ಗಳಿಗೆ ಯಾವುದೆಂದು ಕೇಳಿದರೆ, ಪಕ್ಕದಿಂದ ಬಿಟ್ಟುಬಿಟ್ಟು ಬೀಸುವ ಗಾಳಿಯಲ್ಲಿ ವಿಮಾನವನ್ನು ನೆಲಕ್ಕೆ ಇಳಿಸುವ ಕೊನೆಯ ಒಂದು ನಿಮಿಷ. ಇವತ್ತಿನ ಮಾತು ಆ ಒಂದು ನಿಮಿಷದ ಬಗ್ಗೆ.

ಮೊದಲು ಗಾಳಿಯ ಸ್ವಭಾವ, ಆಮೇಲೆ ಅದನ್ನು ಅಳೆಯುವ ಲೆಕ್ಕ, ಬಳಿಕ ಕೈಕಾಲಿನ ಕೆಲಸ, ಕೊನೆಗೆ ಇಳಿಯದೆ ಮೇಲೆದ್ದು ಹೋಗುವ ನಿರ್ಧಾರ, ಹೀಗೆ ಸಾಗುತ್ತೇನೆ. ದೊಡ್ಡ ಪ್ರಯಾಣಿಕ ವಿಮಾನದ ಪ್ರಸ್ತಾಪ ಅಗತ್ಯವಿದ್ದ ಕಡೆ ಮಾತ್ರ ಬರುತ್ತದೆ. ಇಂಗ್ಲಿಷಿನ ‘ಕ್ರಾಸ್‌ವಿಂಡ್’ ಎಂಬುದಕ್ಕೆ ಅಡ್ಡಗಾಳಿ ಎನ್ನುತ್ತೇನೆ. ‘ಗಸ್ಟ್’ ಎಂಬ ಮಾತನ್ನು ನಮ್ಮ ಪೈಲಟುಗಳು ಹಾಗೆಯೇ ಆಡುತ್ತಾರೆ. ನಾನೂ ಹಾಗೆಯೇ ಬಳಸುತ್ತೇನೆ.

ಗಾಳಿಯಿಂದ ಆರಂಭಿಸೋಣ. ಹಳೆ ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಆಷಾಢದ ಗಾಳಿಯನ್ನು ಪರಿಚಯಿಸಬೇಕಿಲ್ಲ. ಗಾಳಿಪಟ ಹಾರಿಸುವ ಮಾಸ ಅದು. ಪಟ ಮೇಲಿರುವಾಗ ದಾರ ಬೆರಳಿನಲ್ಲಿ ಒಮ್ಮೆ ಜಗ್ಗುತ್ತದೆ, ಒಮ್ಮೆ ಸಡಿಲವಾಗುತ್ತದೆ, ಮತ್ತೆ ಇದ್ದಕ್ಕಿದ್ದಂತೆ ಕೊಯ್ಯುವಷ್ಟು ಬಿಗಿಯುತ್ತದೆ. ಗಾಳಿ ಒಂದೇ ಸಮನೆ ಹರಿಯುವ ಕಾಲುವೆಯಲ್ಲ ಎಂಬುದು ಮಕ್ಕಳ ಬೆರಳಿಗೂ ಗೊತ್ತು. ಅದಕ್ಕೆ ಕಾರಣವಿದೆ. ನೆಲದ ಉಬ್ಬುತಗ್ಗು, ಮರ, ಮನೆಗಳಿಗೆ ತಾಗಿ ತಾಗಿ ಕೆಳಗಿನ ಗಾಳಿ ನಿಧಾನವಾಗುತ್ತದೆ. ಕೆಲವು ನೂರು ಅಡಿ ಮೇಲಿನ ಗಾಳಿಗೆ ಆ ತಡೆಯಿಲ್ಲ, ಅದು ವೇಗವಾಗಿಯೇ ಇರುತ್ತದೆ. ಬಿಸಿಲೇರಿದಂತೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಅದು ಬಿಟ್ಟ ಜಾಗಕ್ಕೆ ಮೇಲಿನ ವೇಗದ ಗಾಳಿ ತುಂಡುತುಂಡಾಗಿ ಇಳಿದು ಬರುತ್ತದೆ. ಹೀಗೆ ಇಳಿದ ಒಂದೊಂದು ತುಂಡೂ ನಮಗೆ ಗಸ್ಟ್. ಮುಂಜಾನೆ ಈ ಕಲಕಾಟ ಇರುವುದಿಲ್ಲ. ತರಬೇತಿ ಶಾಲೆಗಳಲ್ಲಿ ಹೊಸಬರನ್ನು ಸೂರ್ಯ ಹುಟ್ಟುವ ಹೊತ್ತಿಗೇ ಹಾರಿಸುವ ಪದ್ಧತಿ ಬಂದದ್ದು ಇದರಿಂದ. ಅದೇ ವಿದ್ಯಾರ್ಥಿಯನ್ನು ಮಧ್ಯಾಹ್ನ 2 ಗಂಟೆಗೆ ಕರೆದೊಯ್ದರೆ, ಅದೇ ರನ್‌ವೇ ಅವನಿಗೆ ಬೇರೆ ಊರಿನಂತೆ ಕಾಣುತ್ತದೆ.

ನಮ್ಮ ಭಾಗದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮ, ನೈರುತ್ಯದ ಕಡೆಯಿಂದ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಬೆಂಗಳೂರಿನ ರನ್‌ವೇಗಳನ್ನು ನೋಡಿ: ಎಚ್‌ಎಎಲ್, ಯಲಹಂಕ, ದೇವನಹಳ್ಳಿ, ಜಕ್ಕೂರು, ಎಲ್ಲವೂ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿವೆ. ರನ್‌ವೇಯ ತುದಿಯಲ್ಲಿ ಬಿಳಿಬಣ್ಣದಲ್ಲಿ ಬರೆದಿರುವ 09, 27 ಎಂಬ ಅಂಕಿಗಳು ದಿಕ್ಸೂಚಿಯ ಡಿಗ್ರಿಗಳೇ, ಕೊನೆಯ ಸೊನ್ನೆ ಬಿಟ್ಟು ಬರೆದವು. 27 ಎಂದರೆ 270 ಡಿಗ್ರಿ, ನೇರ ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿ ಇಳಿಯಬೇಕು. ಆದ್ದರಿಂದ ಊರಿನ ವಾಡಿಕೆಯ ಗಾಳಿ ನೋಡಿ ರನ್‌ವೇ ಹಾಕುತ್ತಾರೆ. ಕಣದಲ್ಲಿ ರಾಶಿ ತೂರುವ ರೈತ ಗಾಳಿಯ ದಿಕ್ಕು ನೋಡಿ ನಿಲ್ಲುವ ಜಾಗ ಆರಿಸಿಕೊಳ್ಳುವ ಹಾಗೆಯೇ ಇದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಇದಕ್ಕೊಂದು ಅಳತೆಯೂ ಇದೆ. ವಿಮಾನ ನಿಲ್ದಾಣವೊಂದರ ರನ್‌ವೇಗಳ ದಿಕ್ಕು, ಅದನ್ನು ಬಳಸುವ ವಿಮಾನಗಳಿಗೆ ಕನಿಷ್ಠ ಶೇ. 95ರಷ್ಟು ಕಾಲವಾದರೂ ಒದಗುವಂತಿರಬೇಕು. ಆ ಲೆಕ್ಕ ಹಾಕುವಾಗ 1,200 ಮೀಟರಿಗಿಂತ ಚಿಕ್ಕ ರನ್‌ವೇ ಬಳಸುವ ವಿಮಾನಗಳಿಗೆ 10 ನಾಟ್, ಅಂದರೆ ಗಂಟೆಗೆ ಸುಮಾರು 19 ಕಿಲೋಮೀಟರಿಗಿಂತ ಹೆಚ್ಚಿನ ಅಡ್ಡಗಾಳಿಯಲ್ಲಿ ಇಳಿಯುವುದಿಲ್ಲವೆಂದು ಎಣಿಸುತ್ತಾರೆ. ಸಣ್ಣ ವಿಮಾನದ ದೌರ್ಬಲ್ಯವನ್ನು ಎಂಜಿನಿಯರುಗಳು ನಕ್ಷೆ ಬರೆಯುವ ಹಂತದಲ್ಲೇ ಒಪ್ಪಿಕೊಂಡಿದ್ದಾರೆ ಎಂದಾಯಿತು.

ವಾಡಿಕೆಯ ಗಾಳಿ ವರ್ಷದ ಪ್ರತಿ ದಿನವೂ ವಾಡಿಕೆಯಂತೆ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗುಮೋಡ ಕಟ್ಟಿದಾಗ, ಮೋಡದಿಂದ ಸುರಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡಿಕೊಳ್ಳುತ್ತದೆ. ಮಳೆ ಇನ್ನೂ ಮೂರ್ನಾಲ್ಕು ಮೈಲಿ ದೂರವಿರುವಾಗಲೇ ಧೂಳೆದ್ದು, ತೆಂಗಿನ ಗರಿಗಳೆಲ್ಲ ಒಂದೇ ಕಡೆ ತಿರುಗಿಬಿಡುತ್ತವೆ. ಆಗ ಗಾಳಿಯ ದಿಕ್ಕು ಉತ್ತರವೂ ಆಗಬಹುದು, ದಕ್ಷಿಣವೂ ಆಗಬಹುದು. ಇಂಥ ಸಂಜೆ ಸಣ್ಣ ವಿಮಾನ ಹ್ಯಾಂಗರಿನಲ್ಲೇ ಇರಬೇಕು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಇದರ ಜೊತೆಗೆ ಇನ್ನೊಂದು ಹೊಸ ತೊಡಕು ಸೇರಿದೆ. ಒಂದು ಕಾಲಕ್ಕೆ ಹೊಲ, ಕೆರೆಗಳ ನಡುವೆ ಇದ್ದ ಏರೋಡ್ರೋಮುಗಳ ಬೇಲಿಯವರೆಗೂ ಈಗ ಊರು ಬಂದಿದೆ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿ ಅದರ ಮರೆಯಲ್ಲಿ ಸುಳಿಸುಳಿಯಾಗಿ ಒಡೆದು, ಕಟ್ಟಡದ ಎತ್ತರದ ಎಷ್ಟೋ ಪಟ್ಟು ದೂರದವರೆಗೆ ಕದಡಿಕೊಂಡೇ ಇರುತ್ತದೆ. ವಿಮಾನ ಆ ಮರೆಯೊಳಗೆ ಹೊಕ್ಕಾಗ ಅಡ್ಡಗಾಳಿ ಒಮ್ಮೆಲೇ ಇಲ್ಲವಾಗುತ್ತದೆ. ಮರೆ ದಾಟಿದ ಕೂಡಲೇ ದುಪ್ಪಟ್ಟಾಗಿ ಬಂದು ಹೊಡೆಯುತ್ತದೆ.

ಈ ಹೊಡೆತ ಸಣ್ಣ ವಿಮಾನಕ್ಕೇ ಯಾಕೆ ಹೆಚ್ಚು? ಸೆಸ್ನಾ 172 ಎಂಬ ನಾಲ್ಕು ಆಸನದ ವಿಮಾನವನ್ನು ತೆಗೆದುಕೊಳ್ಳೋಣ. ಲೋಕದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಅದು. ನಮ್ಮ ದೇಶದ ತರಬೇತಿ ಶಾಲೆಗಳಲ್ಲೂ ಸಾಮಾನ್ಯ. ಅದರ 172ಎಸ್ ಮಾದರಿಯ ಗರಿಷ್ಠ ತೂಕ 1,157 ಕಿಲೋ, ರೆಕ್ಕೆಯ ವಿಸ್ತಾರ ಸುಮಾರು 16 ಚದರ ಮೀಟರು. ಒಂದು ಚದರ ಮೀಟರು ರೆಕ್ಕೆ ಹೊರುವ ಭಾರ 70 ಕಿಲೋ ಚಿಲ್ಲರೆ ಮಾತ್ರ. ನೀವು ದೆಹಲಿಗೆ ಹೋಗುವ ಏರ್‌ಬಸ್ ಇಳಿಯುವಾಗ ಅದರ ರೆಕ್ಕೆ ಹೊರುವುದು ಇದರ ಏಳೆಂಟು ಪಟ್ಟು. ತುಂಬಿದ ಮೂಟೆಗಿಂತ ಖಾಲಿ ಗೋಣಿಚೀಲವನ್ನು ಗಾಳಿ ಸುಲಭವಾಗಿ ಎತ್ತಿ ಒಯ್ಯುತ್ತದಲ್ಲ, ಹಾಗೆ. ಇಳಿಯುವ ವೇಗವೂ ಕಡಿಮೆ. 65 ನಾಟಿನಲ್ಲಿ ಬರುವ ವಿಮಾನಕ್ಕೆ 13 ನಾಟಿನ ಅಡ್ಡಗಾಳಿಯೆಂದರೆ ತನ್ನ ವೇಗದ ಐದನೆಯ ಒಂದು ಪಾಲು. 135 ನಾಟಿನಲ್ಲಿ ಬರುವ ದೊಡ್ಡ ವಿಮಾನಕ್ಕೆ ಅದು ಹತ್ತನೆಯ ಒಂದು ಪಾಲು.

ಇಷ್ಟು ಸ್ವಭಾವದ ಮಾತು. ಈಗ ಲೆಕ್ಕಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು, ಗಣಿತ ಕಷ್ಟದ್ದಲ್ಲ.

ಕಂಟ್ರೋಲ್ ಟವರಿನಿಂದ ಸುದ್ದಿ ಬರುತ್ತದೆ: ಗಾಳಿ 210 ಡಿಗ್ರಿಯಿಂದ, 15 ನಾಟ್, ಗಸ್ಟ್ 25. ನಾವು ಇಳಿಯಬೇಕಾದ ರನ್‌ವೇ 26. ಗಾಳಿಗೂ ರನ್‌ವೇಗೂ ನಡುವಿನ ಕೋನ 50 ಡಿಗ್ರಿ. ಶಾಲೆಯಲ್ಲಿ ಕಲಿತ ಸೈನ್ ಇಲ್ಲಿ ಕೆಲಸಕ್ಕೆ ಬರುತ್ತದೆ. 15 ನಾಟಿನಲ್ಲಿ ಸುಮಾರು ಹನ್ನೊಂದೂವರೆ ನಾಟ್ ಪಕ್ಕದಿಂದ ತಳ್ಳುತ್ತಿದೆ. ಗಸ್ಟ್ ಬಂದಾಗ ಅದು 19 ನಾಟ್. ವಿಮಾನದಲ್ಲಿ ಕೂತು ಸೈನ್ ಹುಡುಕಲು ಆಗುವುದಿಲ್ಲವಾದ್ದರಿಂದ ನಾವೊಂದು ಗಡಿಯಾರದ ಲೆಕ್ಕ ಹೇಳಿಕೊಡುತ್ತೇವೆ. ಕೋನ 15 ಡಿಗ್ರಿಯಾದರೆ ಕಾಲು ಗಂಟೆ, ಕಾಲು ಭಾಗ ಗಾಳಿ. 30 ಆದರೆ ಅರ್ಧ. 45 ಆದರೆ ಮುಕ್ಕಾಲು. 60 ದಾಟಿದರೆ ಪೂರ್ತಿ ಅಡ್ಡಗಾಳಿಯೆಂದೇ ಎಣಿಸು. ಕರಾರುವಾಕ್ಕಲ್ಲ, ಆದರೆ ತಪ್ಪಾದರೆ ಬಹುಮಟ್ಟಿಗೆ ಸುರಕ್ಷತೆಯ ಕಡೆಗೇ ತಪ್ಪುತ್ತದೆ.

ಸೆಸ್ನಾ 172ರ ಕೈಪಿಡಿಯಲ್ಲಿ 15 ನಾಟ್ ಎಂಬ ಅಂಕಿಯಿದೆ. ‘ಪ್ರದರ್ಶಿಸಿ ತೋರಿಸಲಾದ ಅಡ್ಡಗಾಳಿ’ ಎಂಬುದು ಅದರ ಹೆಸರು. ಈ ಅಂಕಿಯನ್ನು ಜನ ಎರಡು ಬಗೆಯಲ್ಲಿ ತಪ್ಪು ತಿಳಿಯುತ್ತಾರೆ. ಅದು ವಿಮಾನದ ಶಕ್ತಿಯ ಕೊನೆ ಎನ್ನುವವರಿದ್ದಾರೆ, ಹಾಗಲ್ಲ. ಅಷ್ಟರವರೆಗೆ ಯಾರು ಬೇಕಾದರೂ ಇಳಿಸಬಹುದು ಎನ್ನುವವರಿದ್ದಾರೆ. ಇದು ಇನ್ನೂ ಅಪಾಯದ ತಪ್ಪು. ಪ್ರಮಾಣಪತ್ರ ಕೊಡುವಾಗ ಹಳೆಯ ಅಮೆರಿಕನ್ ನಿಯಮ ಕೇಳುತ್ತಿದ್ದದ್ದು ಇಷ್ಟೆ: ಇಳಿಯುವ ಸ್ಥಿತಿಯಲ್ಲಿ ವಿಮಾನ ಯಾವ ವೇಗಕ್ಕೆ ಸ್ಟಾಲ್ ಆಗುತ್ತದೋ, ಅಂದರೆ ರೆಕ್ಕೆ ಭಾರ ಹೊರಲಾರದೆ ಹೋಗುತ್ತದೋ, ಅದರ ಐದನೆಯ ಒಂದು ಪಾಲಿನಷ್ಟಾದರೂ ಅಡ್ಡಗಾಳಿಯಲ್ಲಿ ಹಿಡಿತ ತಪ್ಪದೆ ನಡೆಸಬಹುದೆಂದು ತೋರಿಸಬೇಕು. ತಯಾರಕರ ಪರೀಕ್ಷಾ ಪೈಲಟ್ ಇಳಿಸಿ ತೋರಿಸಿದ ಗಾಳಿಯ ದಾಖಲೆ ಆ ಅಂಕಿ. ಅವನ ಕೈಯ ಅನುಭವ ಸಾವಿರಾರು ಗಂಟೆಗಳದ್ದು. ಮೂವತ್ತು ಗಂಟೆ ಹಾರಿದ ವಿದ್ಯಾರ್ಥಿಯ ಮಿತಿ ಆ ಪುಸ್ತಕದಲ್ಲಿಲ್ಲ. ಅದನ್ನು ಅವನು ಮತ್ತು ಅವನ ಗುರು ಕೂತು, ನೆಲದ ಮೇಲೆ, ತಣ್ಣನೆಯ ತಲೆಯಲ್ಲಿ ಬರೆದಿಟ್ಟುಕೊಳ್ಳಬೇಕು. ನನ್ನ ವಿದ್ಯಾರ್ಥಿಗಳ ಲಾಗ್‌ಬುಕ್ಕಿನ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಸುತ್ತಿದ್ದೆ: ಒಬ್ಬನೇ ಹಾರುವಾಗ ಅಡ್ಡಗಾಳಿ 6 ನಾಟ್. ಮುಂದೆ ಅದು 8 ಆಗುತ್ತಿತ್ತು, 10 ಆಗುತ್ತಿತ್ತು. ಪೆನ್ಸಿಲ್ ಯಾಕೆಂದರೆ, ಆರು ತಿಂಗಳು ಹಾರದೆ ಬಂದವನಿಗೆ ಅದನ್ನು ಮತ್ತೆ 6ಕ್ಕೆ ಇಳಿಸಬೇಕಾಗುತ್ತಿತ್ತು.

ಈ ಅಂಕಿಯ ಗೊಂದಲ ಅನುಭವಿಗಳನ್ನೂ ಬಿಡಲಿಲ್ಲ. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಿರುಗಾಳಿಯ ದಿನ ಏರ್‌ಬಸ್ 320 ವಿಮಾನವೊಂದು 23ನೇ ರನ್‌ವೇಯಲ್ಲಿ ಇಳಿಯಲು ಹೋದಾಗ ಗಾಳಿಯ ಕಡೆಯ ರೆಕ್ಕೆ ಎದ್ದು, ಇನ್ನೊಂದು ರೆಕ್ಕೆಯ ತುದಿ ನೆಲಕ್ಕೆ ಉಜ್ಜಿತು. ಪೈಲಟುಗಳು ವಿಮಾನವನ್ನು ಮೇಲೆತ್ತಿ, ಗಾಳಿಗೆ ಹೆಚ್ಚು ಎದುರಾಗಿದ್ದ 33ನೇ ರನ್‌ವೇಯಲ್ಲಿ ಇಳಿಸಿದರು, ಯಾರಿಗೂ ಗಾಯವಾಗಲಿಲ್ಲ. ‘ಪ್ರದರ್ಶಿತ ಅಡ್ಡಗಾಳಿ’ ಎಂಬ ಮಾತನ್ನು ಬೇರೆಬೇರೆ ಪೈಲಟುಗಳು ಬೇರೆಬೇರೆಯಾಗಿ ಅರ್ಥ ಮಾಡಿಕೊಂಡಿದ್ದರೆಂಬುದನ್ನು ಆ ಘಟನೆಯ ತನಿಖೆ ಗುರುತಿಸಿತು. ನನ್ನ ಗಮನ ಹೆಚ್ಚು ಹೋಗುವುದು ಇನ್ನೊಂದು ಸಂಗತಿಯ ಕಡೆಗೆ: ಗಾಳಿಗೆ ಒಪ್ಪುವ ರನ್‌ವೇ ಅದೇ ನಿಲ್ದಾಣದಲ್ಲಿತ್ತು. ಎರಡನೆಯ ಯತ್ನದಲ್ಲಿ ಬಳಸಿದ್ದನ್ನು ಮೊದಲನೆಯದರಲ್ಲೇ ಕೇಳಬಹುದಿತ್ತು. ನಮ್ಮ ಹುಡುಗರಿಗೂ ಟವರನ್ನು ಕೇಳುವುದಕ್ಕೆ ಸಂಕೋಚ. ಕೇಳಿ. ಟವರಿನಲ್ಲಿ ಕೂತವರ ಕೆಲಸವೇ ಅದು.

ಹವಾಮಾನ ವರದಿಯ ಬಗ್ಗೆ ಒಂದು ಎಚ್ಚರಿಕೆ. ವಿಮಾನ ನಿಲ್ದಾಣಗಳು ಹೊರಡಿಸುವ ಮೆಟಾರ್ ಎಂಬ ವರದಿಯಲ್ಲಿ ಇರುವುದು ಕಳೆದ 10 ನಿಮಿಷದ ಸರಾಸರಿ ಗಾಳಿ. ಗರಿಷ್ಠ ಬೀಸು ಆ ಸರಾಸರಿಗಿಂತ 10 ನಾಟ್ ಅಥವಾ ಹೆಚ್ಚಿದ್ದರೆ ಮಾತ್ರ ಗಸ್ಟ್ ಎಂದು ನಮೂದಿಸುತ್ತಾರೆ. ಆದ್ದರಿಂದ 12 ನಾಟ್ ಎಂದಷ್ಟೇ ಬರೆದಿದ್ದರೆ, ನಡುನಡುವೆ 20 ನಾಟ್ ಬೀಸುತ್ತಿಲ್ಲವೆಂದು ಅರ್ಥವಲ್ಲ. ಕಾಗದದ ಗಾಳಿ ಆಗಲೇ ಬೀಸಿ ಹೋದ ಗಾಳಿ. ಈಗಿನ ಗಾಳಿಗಾಗಿ ಗಾಳಿಚೀಲ ನೋಡಬೇಕು. ಮೂರೂವರೆ ಮೀಟರಿಗೂ ಉದ್ದದ, ಐದು ಪಟ್ಟೆಗಳ ಆ ಚೀಲ ಅಲುಗದೆ ಒಂದೇ ಕಡೆ ಚಾಚಿದ್ದರೆ ಗಾಳಿ ಬಲವಾಗಿದ್ದರೂ ನಂಬಿಕಸ್ಥ. ಬಾಲಕ್ಕೆ ಬೆಂಕಿ ತಗುಲಿದಂತೆ ಏಳುತ್ತ ಬೀಳುತ್ತ ದಿಕ್ಕು ಬದಲಿಸುತ್ತಿದ್ದರೆ ಆ ದಿನ ಎರಡು ಸಲ ಯೋಚಿಸಬೇಕು. ಕೆರೆಯ ನೀರಿನ ಮೇಲಿನ ಗೆರೆ, ಇಟ್ಟಿಗೆ ಗೂಡಿನ ಹೊಗೆ, ತೆಂಗಿನ ಗರಿ, ಮದುವೆ ಛತ್ರದ ಮುಂದಿನ ಬ್ಯಾನರು, ಇವೆಲ್ಲ ಗಾಳಿಯ ವರದಿಗಾರರೇ.

ಇನ್ನು ವೇಗದ ಲೆಕ್ಕ. ಎದುರಿನಿಂದ ಬರುತ್ತಿದ್ದ ಗಸ್ಟ್ ಹಠಾತ್ತನೆ ನಿಂತರೆ ರೆಕ್ಕೆಯ ಮೇಲಿನ ಗಾಳಿಯ ವೇಗ ಅಷ್ಟೇ ಹಠಾತ್ತನೆ ಇಳಿಯುತ್ತದೆ, ವಿಮಾನ ಕುಸಿಯುತ್ತದೆ. ಅದಕ್ಕಾಗಿ ಸ್ವಲ್ಪ ವೇಗವನ್ನು ಗಂಟು ಕಟ್ಟಿಟ್ಟುಕೊಳ್ಳಬೇಕು. ವಾಡಿಕೆಯ ಸೂತ್ರ: ಸರಾಸರಿಗೂ ಗಸ್ಟಿಗೂ ಇರುವ ವ್ಯತ್ಯಾಸದ ಅರ್ಧವನ್ನು ಸೇರಿಸು. 15ಕ್ಕೂ 25ಕ್ಕೂ ವ್ಯತ್ಯಾಸ 10, ಅದರ ಅರ್ಧ 5. 65ರ ಬದಲು 70 ನಾಟ್. ಇಲ್ಲಿ ಉತ್ಸಾಹಿಗಳು 80, 85 ಮಾಡುವುದನ್ನು ನೋಡಿದ್ದೇನೆ. ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ; 65ರಿಂದ 70ಕ್ಕೆ ಏರಿಸಿದರೇ ಶೇ. 16ರಷ್ಟು ಹೆಚ್ಚು. ಆ ಶಕ್ತಿ ಕರಗುವವರೆಗೆ ವಿಮಾನ ರನ್‌ವೇಯ ಮೇಲೆ ತೇಲುತ್ತಲೇ ಇರುತ್ತದೆ, ಗಾಳಿಗೆ ಅದನ್ನು ಪಕ್ಕಕ್ಕೆ ಒಯ್ಯಲು ಅಷ್ಟು ಹೊತ್ತು ಸಿಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆಯೆಂಬುದನ್ನೂ ಮರೆಯಬಾರದು. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿಯ ಗಾಳಿ ಐದೂವರೆ ಸಾವಿರ ಅಡಿಯ ಗಾಳಿಯಷ್ಟು ತೆಳು. ವೇಗಮಾಪಕದಲ್ಲಿ 65 ಎಂದು ಕಂಡರೂ ವಿಮಾನದ ನಿಜವಾದ ವೇಗ 70ರ ಹತ್ತಿರ. ಚೆನ್ನೈಯಲ್ಲಿ ಕಲಿತು ಇಲ್ಲಿಗೆ ಬಂದವರಿಗೆ ನೆಲ ಬೇಗ ಓಡಿದಂತೆ ಕಾಣುವುದು ಇದರಿಂದಲೇ. ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಸುವ ಫ್ಲಾಪುಗಳ ವಿಷಯದಲ್ಲಿ ಸೆಸ್ನಾ ಕೈಪಿಡಿಯ ಸಲಹೆ ಸರಳ: ಜೋರು ಅಡ್ಡಗಾಳಿಯಲ್ಲಿ ರನ್‌ವೇಯ ಉದ್ದಕ್ಕೆ ಅಗತ್ಯವಿರುವಷ್ಟೇ ಫ್ಲಾಪ್ ಸಾಕು.

ಲೆಕ್ಕ ಮುಗಿಯಿತು. ಮೂರನೆಯ ಭಾಗಕ್ಕೆ, ಕೈಕಾಲಿನ ಕೆಲಸಕ್ಕೆ ಬರೋಣ.

ತುಂಗಭದ್ರೆಯ ಹರಿವನ್ನು ದಾಟಿಸುವ ಅಂಬಿಗ ದೋಣಿಯ ಮೂತಿಯನ್ನು ಎದುರುದಡದ ಮೆಟ್ಟಿಲಿಗೆ ಗುರಿಯಿಟ್ಟು ಹುಟ್ಟು ಹಾಕುವುದಿಲ್ಲ. ಮೇಲ್ದಿಕ್ಕಿಗೆ, ಹರಿವಿಗೆ ವಾರೆಯಾಗಿ ಹಿಡಿಯುತ್ತಾನೆ. ದೋಣಿ ಸರಿಯಾಗಿ ಮೆಟ್ಟಿಲಿಗೇ ಬಂದು ತಾಗುತ್ತದೆ. ವಿಮಾನವೂ ಹಾಗೆಯೇ. ಮೂಗನ್ನು ಗಾಳಿಯ ಕಡೆ ಸ್ವಲ್ಪ ತಿರುಗಿಸಿಟ್ಟರೆ ವಿಮಾನ ವಾರೆಯಾಗಿದ್ದುಕೊಂಡೇ ರನ್‌ವೇಯ ನೇರದಲ್ಲಿ ಸಾಗುತ್ತದೆ. ಇದಕ್ಕೆ ಕ್ರ್ಯಾಬ್ ಎನ್ನುತ್ತಾರೆ, ಏಡಿಯ ನಡಿಗೆ. 70 ನಾಟ್ ವೇಗದ ವಿಮಾನಕ್ಕೆ 12 ನಾಟ್ ಅಡ್ಡಗಾಳಿಯಲ್ಲಿ ಈ ವಾರೆ ಸುಮಾರು 10 ಡಿಗ್ರಿ.

ಅಂಬಿಗನ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ದೋಣಿಗೆ ಚಕ್ರಗಳಿಲ್ಲ. ವಿಮಾನ 10 ಡಿಗ್ರಿ ವಾರೆಯಾಗಿಯೇ ನೆಲ ಮುಟ್ಟಿದರೆ, ಸಾಗುವ ದಿಕ್ಕು ಒಂದು, ಚಕ್ರ ಉರುಳಬಯಸುವ ದಿಕ್ಕು ಇನ್ನೊಂದು. ಪೂರ್ತಿ ಹೊರೆ ಕಾಲುಗಳ ಮೇಲೆ ಅಡ್ಡಲಾಗಿ ಬೀಳುತ್ತದೆ. ಆದ್ದರಿಂದ ಮುಟ್ಟುವ ಮೊದಲು ವಾರೆಯನ್ನು ಬಿಡಿಸಬೇಕು. ಅಮೆರಿಕದ ಫ್ರೆಡ್ ವೀಕ್ ಎಂಬ ಎಂಜಿನಿಯರ್ 1930ರ ದಶಕದಲ್ಲಿ ರೂಪಿಸಿದ ಎರ್‌ಕೂಪ್ ಎಂಬ ಪುಟ್ಟ ವಿಮಾನದಲ್ಲಿ ಮೂಗನ್ನು ತಿರುಗಿಸುವ ರಡರ್ ಪೆಡಲುಗಳೇ ಇರಲಿಲ್ಲ. ವಾರೆಯಾಗಿಯೇ ಇಳಿಸಿ, ಗಟ್ಟಿ ಕಾಲುಗಳು ತಡೆದುಕೊಂಡು ತಾವೇ ನೇರವಾಗಲಿ ಎಂಬುದು ಅದರ ಯೋಜನೆ. ಸೊಗಸಾದ ಯೋಚನೆ, ಅದು ನಡೆಯಿತು ಕೂಡ. ನಮ್ಮ ತರಬೇತಿ ವಿಮಾನಗಳ ಕಾಲುಗಳಿಗೆ ಆ ವರವಿಲ್ಲ.

ವಾರೆ ಬಿಡಿಸುವುದು ಹೀಗೆ. ಗಾಳಿ ಎಡದಿಂದ ಬರುತ್ತಿದೆಯೆನ್ನಿ. ಬಲಗಾಲಿನಿಂದ ರಡರ್ ಒತ್ತಿ ಮೂಗನ್ನು ರನ್‌ವೇಯ ನಡುಗೆರೆಗೆ ತರುತ್ತೇವೆ. ಮೂಗು ನೇರವಾದ ಕ್ಷಣದಿಂದ ಗಾಳಿ ವಿಮಾನವನ್ನು ಬಲಕ್ಕೆ ಒಯ್ಯತೊಡಗುತ್ತದೆ. ಅದನ್ನು ತಡೆಯಲು, ರೆಕ್ಕೆಯನ್ನು ವಾಲಿಸುವ ಏಲರಾನಿನಿಂದ ಎಡರೆಕ್ಕೆಯನ್ನು ತುಸು ತಗ್ಗಿಸಿ, ವಿಮಾನ ಎಷ್ಟು ಬಲಕ್ಕೆ ತೇಲುತ್ತದೋ ಅಷ್ಟೇ ಎಡಕ್ಕೆ ಜಾರುವಂತೆ ಮಾಡುತ್ತೇವೆ. ಕಾಲಿನದು ಮೂಗಿನ ಜವಾಬ್ದಾರಿ, ಕೈಯದು ತೇಲುವಿಕೆಯ ಜವಾಬ್ದಾರಿ. ಹೊಸಬರು ಇವೆರಡನ್ನೂ ಬೆರೆಸಿಬಿಡುತ್ತಾರೆ: ಮೂಗು ತಿರುಗಿದರೆ ಕೈ ಓಡಿಸುತ್ತಾರೆ, ವಿಮಾನ ತೇಲಿದರೆ ಕಾಲು ಒತ್ತುತ್ತಾರೆ. ಈ ಎರಡು ಕೆಲಸಗಳನ್ನು ಮನಸ್ಸಿನಲ್ಲಿ ಬೇರ್ಪಡಿಸಲು ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಮೂರು ತಿಂಗಳು ಬೇಕು. ತಡವಾಗಿ ಕಲಿತವರು ಕೆಟ್ಟ ಪೈಲಟುಗಳಾದದ್ದನ್ನು ನಾನು ಕಂಡಿಲ್ಲ.

ಗಸ್ಟ್ ಬಂದಾಗ ಈ ಸಮತೋಲ ಪ್ರತಿ ಸೆಕೆಂಡಿಗೂ ಬದಲಾಗುತ್ತದೆ. ಒಂದು ಗಸ್ಟಿಗೆ ಕೊಟ್ಟ ಉತ್ತರ ಅದು ನಿಂತ ಮೇಲೂ ಉಳಿದರೆ ಅದೇ ತಪ್ಪಾಗುತ್ತದೆ. ಹಾಗೆಂದು ಪ್ರತಿ ಕಂಪನಕ್ಕೂ ಕೈ ಆಡಿಸುತ್ತಿದ್ದರೆ, ಗಾಳಿಯ ಅಲುಗಾಟಕ್ಕೆ ನಮ್ಮ ಅಲುಗಾಟವೂ ಸೇರುತ್ತದೆ. ರನ್‌ವೇಯ ದೂರದ ತುದಿಯ ಮೇಲೆ ಕಣ್ಣಿಡಬೇಕು. ಹತ್ತಿರದ ನೆಲ ನೋಡಿದರೆ ಎಲ್ಲವೂ ಓಡುತ್ತದೆ. ದೂರ ನೋಡಿದರೆ ತೇಲುವಿಕೆ ಬೇಗ ತಿಳಿಯುತ್ತದೆ. ವೇಗ ಇಳಿದಂತೆ ರೆಕ್ಕೆಯ ಮೇಲಿನ ಗಾಳಿ ಬಡವಾಗಿ ಏಲರಾನ್, ರಡರುಗಳ ಬಲ ಕುಗ್ಗುತ್ತದೆ. ಆದ್ದರಿಂದ ಅಷ್ಟೇ ಫಲಕ್ಕೆ ಹೆಚ್ಚು ತಿರುಗಿಸುತ್ತ ಹೋಗಬೇಕು. ಮೊದಲು ಗಾಳಿಯ ಕಡೆಯ ಚಕ್ರ ಮುಟ್ಟುತ್ತದೆ, ಆಮೇಲೆ ಇನ್ನೊಂದು ಕಡೆಯದು, ಕೊನೆಗೆ ಮೂಗಿನ ಚಕ್ರ. ಒಂದೇ ಚಕ್ರದ ಮೇಲೆ ವಾಲಿಕೊಂಡು ಓಡುವ ಆ ಒಂದೆರಡು ಸೆಕೆಂಡು ನೋಡುವವರಿಗೆ ಭಯ ಹುಟ್ಟಿಸಬಹುದು. ಸರಿಯಾದ ಇಳಿತದ ಲಕ್ಷಣವೇ ಅದು.

ಚಕ್ರ ಮುಟ್ಟಿದ ಮೇಲೆ ಏನು? ಇದಕ್ಕೆ ನನ್ನ ಕಲಿಕೆಯ ಕಾಲದ ಒಂದು ಘಟನೆ ಹೇಳಬೇಕು. ಆಗ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ನಮ್ಮ ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಇನ್ನೂ ಹಾರುತ್ತಿತ್ತು. 1958ರಲ್ಲಿ ಮೊದಲು ಹಾರಿದ, ಪಕ್ಕಪಕ್ಕ ಇಬ್ಬರು ಕೂರುವ, ಮೇಲ್ರೆಕ್ಕೆಯ, ಬಾಲಚಕ್ರದ ವಿಮಾನ. ಬಾಲಚಕ್ರದ ವಿಮಾನದಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಓಡುವಾಗ ಸ್ವಲ್ಪ ತಿರುಗಿದರೆ, ಹಿಂದಿನ ಭಾರ ಮುಂದಕ್ಕೆ ನುಗ್ಗಿ ಆ ತಿರುವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಭಾರ ತುಂಬಿದ ತಳ್ಳುಗಾಡಿಯನ್ನು ಇಳಿಜಾರಿನಲ್ಲಿ ಹಿಂದುಮುಂದಾಗಿ ಬಿಟ್ಟ ಹಾಗೆ. ಈಗಿನ ಸೆಸ್ನಾ, ನಮ್ಮ ಎನ್‌ಎಎಲ್‌ನ ಹಂಸ ಮುಂತಾದ ಮೂಗುಚಕ್ರದ ವಿಮಾನಗಳಲ್ಲಿ ಭಾರ ಮುಖ್ಯ ಚಕ್ರಗಳ ಮುಂದಿದ್ದು ತಿರುವನ್ನು ತಾನೇ ಸರಿಪಡಿಸಲು ನೋಡುತ್ತದೆ.

ಆ ದಿನ ಗಾಳಿ ಎಡದಿಂದಿತ್ತು. ನನ್ನ ಇಳಿತ ಚೆನ್ನಾಗಿಯೇ ಆಯಿತು, ಮೂರು ಚಕ್ರಗಳೂ ನೆಲ ಹಿಡಿದವು. ಸಂತೋಷದಿಂದ ಗುರುಗಳ ಮುಖ ನೋಡಿದೆ. ನೋಡುವಾಗ ಎಡಕ್ಕೆ ತಿರುಗಿಸಿಟ್ಟಿದ್ದ ಏಲರಾನ್ ಸಡಿಲವಾಯಿತು. ಅಷ್ಟರಲ್ಲಿ ಒಂದು ಗಸ್ಟ್ ಬಂದು ಎಡರೆಕ್ಕೆಯನ್ನು ಎತ್ತಿತು, ಬಾಲವನ್ನು ಬಲಕ್ಕೆ ತಳ್ಳಿತು. ವಿಮಾನ ಬುಗುರಿಯ ಹಾಗೆ ಎಡಕ್ಕೆ ಸುತ್ತಿ, ಬಲರೆಕ್ಕೆಯ ತುದಿ ಹುಲ್ಲನ್ನು ಕೆರೆದು, ರನ್‌ವೇ ಬಿಟ್ಟು ನಿಂತಿತು. ಎಂಜಿನ್ ಆರಿಸಿದ ಮೇಲೆ ಗುರುಗಳು ಬೈಯಲಿಲ್ಲ. “ಚಕ್ರ ಇನ್ನೂ ನಿಂತಿರಲಿಲ್ಲವಲ್ಲಪ್ಪ, ಕೈ ಯಾಕೆ ನಿಲ್ಲಿಸಿದೆ?” ಎಂದು ಕೇಳಿದರು. ನಲವತ್ತಕ್ಕೂ ಹೆಚ್ಚು ವರ್ಷ ಆಯಿತು. ಇವತ್ತಿಗೂ ಇಳಿದ ಮೇಲೆ ಆ ಪ್ರಶ್ನೆ ಕಿವಿಯಲ್ಲಿ ಕೇಳುತ್ತದೆ. ನೆಲ ಮುಟ್ಟಿದ ನಂತರ ಏಲರಾನನ್ನು ಗಾಳಿಯ ಕಡೆಗೆ ಹೆಚ್ಚುಹೆಚ್ಚಾಗಿ ತಿರುಗಿಸುತ್ತ ಹೋಗಿ, ವಿಮಾನ ನಿಧಾನಕ್ಕೆ ಬರುವಷ್ಟರಲ್ಲಿ ಪೂರ್ತಿ ತಿರುಗಿಸಿರಬೇಕು.

ಈಗ ಕೊನೆಯ ಭಾಗ. ನಾನು ಇಲ್ಲಿಗೆ ಬಂದದ್ದು ಮುಖ್ಯವಾಗಿ ಇದನ್ನು ಹೇಳಲು.

ಇಳಿಯುವ ವಿದ್ಯೆಯಲ್ಲಿ ಇಳಿಯದಿರುವುದೂ ಸೇರಿದೆ. ಗೋ ಅರೌಂಡ್ ಎಂದು ಅದರ ಹೆಸರು: ಥ್ರಾಟಲ್ ಪೂರ್ತಿ ಕೊಟ್ಟು, ಮೇಲೆದ್ದು, ಒಂದು ಸುತ್ತು ಹಾಕಿ ಮತ್ತೆ ಬರುವುದು. ಯಾವಾಗ ಮಾಡಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಅದಕ್ಕೊಂದು ಪರೀಕ್ಷೆಯಿದೆ. ನೆಲದಿಂದ ಇನ್ನೂ ಇನ್ನೂರು ಮುನ್ನೂರು ಅಡಿ ಮೇಲಿರುವಾಗಲೇ ವಾರೆ ಬಿಡಿಸಿ ರೆಕ್ಕೆ ತಗ್ಗಿಸಿ ನೋಡಿ. ರಡರನ್ನು ಕೊನೆಯವರೆಗೆ ಒತ್ತಿದರೂ ಮೂಗು ನಡುಗೆರೆಗೆ ಬರದಿದ್ದರೆ, ಅಥವಾ ರಡರ್ ಮುಗಿದರೂ ವಿಮಾನ ತೇಲುತ್ತಲೇ ಇದ್ದರೆ, ಆ ಗಾಳಿ ಆ ವಿಮಾನದ ಶಕ್ತಿಯನ್ನು ಮೀರಿದೆ. ಕೆಳಗೆ ಹೋದರೆ ಸರಿಹೋಗಬಹುದೆಂಬ ಆಸೆಗೆ ಅಲ್ಲಿ ಜಾಗವಿಲ್ಲ. ನೆಲದ ಹತ್ತಿರ ನಡುಗೆರೆ ಬಿಟ್ಟು ತೇಲಿದರೆ, ಚಕ್ರ ಬಡಿದು ವಿಮಾನ ಪುಟಿದರೆ, ರನ್‌ವೇಯ ಮೊದಲ ಮೂರನೆಯ ಒಂದು ಭಾಗದೊಳಗೆ ಮುಟ್ಟದಿದ್ದರೆ, ಮೇಲೇಳಬೇಕು.

ಮೇಲೇಳುವುದಕ್ಕೂ ಅಭ್ಯಾಸ ಬೇಕು. ಥ್ರಾಟಲ್ ಒಮ್ಮೆಗೇ ಕೊಟ್ಟಾಗ, ಪೈಲಟಿನ ಕಡೆಯಿಂದ ನೋಡಿದರೆ ಬಲಕ್ಕೆ ಸುತ್ತುವ ಪ್ರೊಪೆಲ್ಲರಿನ ಪರಿಣಾಮದಿಂದ ಮೂಗು ಎಡಕ್ಕೆ ಎಳೆಯುತ್ತದೆ. ಗಾಳಿಯೂ ಎಡದಿಂದಲೇ ಬರುತ್ತಿದ್ದರೆ ಎರಡೂ ಒಂದೇ ಕಡೆಗೆ ಸೇರುತ್ತವೆ, ಬಲಗಾಲು ತಡಮಾಡುವಂತಿಲ್ಲ. ಫ್ಲಾಪುಗಳನ್ನು ಒಂದೇ ಸಲಕ್ಕೆ ಮಡಚಿದರೆ ವಿಮಾನ ಕುಸಿಯುತ್ತದೆ, ಹಂತಹಂತವಾಗಿ ತೆಗೆಯಬೇಕು. ಶಾಂತವಾದ ಬೆಳಗಿನಲ್ಲಿ ಇದನ್ನು ಇಪ್ಪತ್ತು ಸಲ ಮಾಡಿದ ಕೈ ಮಾತ್ರ ಗಾಳಿಯ ಮಧ್ಯಾಹ್ನ ಸರಿಯಾಗಿ ಮಾಡೀತು. ಟ್ಯಾಂಕಿನಲ್ಲಿ ಅದಕ್ಕೆ ಸಾಕಷ್ಟು ಪೆಟ್ರೋಲು ಇರಬೇಕು. ಇಂಧನ ಕಡಿಮೆಯಿರುವ ಪೈಲಟಿಗೆ ಆಯ್ಕೆಗಳೂ ಕಡಿಮೆ.

ಕೆಲವು ವರ್ಷಗಳ ಹಿಂದೆ ಒಂದು ತರಬೇತಿ ಕೇಂದ್ರದಲ್ಲಿ ನನ್ನ ಕಣ್ಣೆದುರು ನಡೆದದ್ದನ್ನು ಹೇಳುತ್ತೇನೆ. ಕೇಂದ್ರದ ಹೆಸರು ಬೇಡ. ಒಬ್ಬಳೇ ಹಾರುತ್ತಿದ್ದ ವಿದ್ಯಾರ್ಥಿನಿ ಮರಳಿ ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಮೊದಲ ಸಲ ಬಂದಳು, ತೇಲಿತು, ಮೇಲೆದ್ದಳು. ಎರಡನೆಯ ಸಲ ರನ್‌ವೇಯ ತುದಿ ಬರುವ ಮೊದಲೇ ಎದ್ದಳು. ಆಮೇಲೆ ದೂರ ಹೋಗಿ ಮೇಲೆ ಸುತ್ತುತ್ತ ಇಪ್ಪತ್ತು ನಿಮಿಷ ಕಾದು, ಗಾಳಿ ತುಸು ಇಳಿದ ಮೇಲೆ ಬಂದು, ಗಾಳಿಯ ಕಡೆಯ ಚಕ್ರವನ್ನು ಮೊದಲು ಊರಿ, ನಡುಗೆರೆಯ ಮೇಲೆ ಇಳಿದಳು. ವಿಮಾನದಿಂದ ಹೊರಬರುವಾಗ ಅವಳ ಕೈ ನಡುಗುತ್ತಿತ್ತು. ಹ್ಯಾಂಗರಿನ ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು, “ಏನಮ್ಮ, ಮೂರು ಸಲ ಬೇಕಾಯ್ತಾ?” ಎಂದು ನಕ್ಕರು. ಜೊತೆಯವರೂ ನಕ್ಕರು. ನನಗೆ ಆ ನಗು ಗಸ್ಟಿಗಿಂತ ಹೆಚ್ಚು ಭಯ ತಂದಿತು. ಆ ನಗುವನ್ನು ಕೇಳಿಸಿಕೊಂಡ ಹತ್ತು ಹುಡುಗರು ಅಲ್ಲಿದ್ದರು. ಮುಂದೊಂದು ದಿನ ಮೇಲೇಳಬೇಕಾದ ಗಳಿಗೆಯಲ್ಲಿ ಅವರಲ್ಲಿ ಯಾರಿಗಾದರೂ ಅದು ನೆನಪಾದರೆ? ಥ್ರಾಟಲಿನ ಮೇಲಿನ ಕೈ ಅರ್ಧ ಸೆಕೆಂಡು ತಡೆದರೆ?

ಆ ಸಂಜೆಯೇ ತರಗತಿಯ ಕಪ್ಪುಹಲಗೆಯ ಮೇಲೆ ಅವಳಿಂದ ಮೂರೂ ಯತ್ನಗಳ ಚಿತ್ರ ಬರೆಸಿದೆ. ಎಲ್ಲಿ ತೇಲಿತು, ಏನು ಕಂಡು ಎದ್ದೆ, ಎಷ್ಟು ಪೆಟ್ರೋಲು ಉಳಿದಿತ್ತು, ಎಲ್ಲವನ್ನೂ ಅವಳು ನಿಖರವಾಗಿ ಹೇಳಿದಳು. ಎರಡನೆಯ ಸಲ ಅವಳಿಗೆ ಗಾಳಿಚೀಲ ಅಡ್ಡಕ್ಕೆ ತಿರುಗಿದ್ದು ಕಂಡಿತ್ತು. ಹ್ಯಾಂಗರಿನಲ್ಲಿ ನಿಂತ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ತರಬೇತಿ ಶಾಲೆ ನಡೆಸುವವರು ಈ ಸಭೆಯಲ್ಲಿದ್ದಾರೆ. ಅವರಲ್ಲಿ ನನ್ನ ವಿನಂತಿ: ಗೋ ಅರೌಂಡ್ ಮಾಡಿ ಬಂದ ವಿದ್ಯಾರ್ಥಿಯನ್ನು ಕಾರಣ ಕೇಳುವ ಮೊದಲು ಮೆಚ್ಚಿ. ಅದಕ್ಕಾದ ಹೆಚ್ಚುವರಿ ಹಾರಾಟದ ಖರ್ಚನ್ನು ಅವರ ಲೆಕ್ಕಕ್ಕೆ ಬರೆಯಬೇಡಿ. ಸಾಲ ಮಾಡಿ ಕಳಿಸಿದ ಮನೆಗಳ ಮಕ್ಕಳು ಅವರು. ಒಂದು ಸುತ್ತಿನ ಬೆಲೆ ಅವರ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಇಳಿಯುವ ಹೊತ್ತಿಗೆ ಆ ಲೆಕ್ಕ ಅವರ ತಲೆಯಲ್ಲಿ ಇರಬಾರದು.

ರನ್‌ವೇ ಬಿಟ್ಟ ಮೇಲಿನ ಕೆಲಸವನ್ನೂ ಹೇಳಿ ಮುಗಿಸುತ್ತೇನೆ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ವಿಮಾನ ನಡೆಸುವಾಗ, ಗಾಳಿ ಮುಂದಿನ ಪಕ್ಕದಿಂದ ಬಂದರೆ ಏಲರಾನನ್ನು ಗಾಳಿಯ ಕಡೆಗೆ ತಿರುಗಿಸಬೇಕು. ಹಿಂದಿನ ಪಕ್ಕದಿಂದ ಬಂದರೆ ಗಾಳಿಗೆ ವಿರುದ್ಧವಾಗಿ ತಿರುಗಿಸಿ ಬಾಲದ ಎಲಿವೇಟರನ್ನು ಕೆಳಗೊತ್ತಬೇಕು, ಗಾಳಿ ಬಾಲದಡಿ ಹೊಕ್ಕು ಎತ್ತದಂತೆ. ನಿಲ್ಲಿಸಿದ ಮೇಲೆ ಚಕ್ರಕ್ಕೆ ಅಡೆ, ಕಂಟ್ರೋಲುಗಳಿಗೆ ಲಾಕ್, ಎರಡು ರೆಕ್ಕೆಗೂ ಬಾಲಕ್ಕೂ ಹಗ್ಗ. ಚಹಾ ಕುಡಿದು ಬಂದು ಕಟ್ಟುತ್ತೇನೆ ಎನ್ನುವವರಿಗೆ ನಾನು 1903ರ ಡಿಸೆಂಬರ್ 17ರ ಕಥೆ ಹೇಳುತ್ತೇನೆ. ಕಿಟಿ ಹಾಕ್ ಬಳಿಯ ಮರಳುದಿಬ್ಬಗಳಲ್ಲಿ ಆ ಬೆಳಿಗ್ಗೆ ಗಂಟೆಗೆ 20 ಮೈಲಿಗೂ ಮೀರಿದ ಗಾಳಿ. ರೈಟ್ ಸಹೋದರರು ನಾಲ್ಕು ಸಲ ಹಾರಿದರು. ನಾಲ್ಕನೆಯದು 59 ಸೆಕೆಂಡು, 852 ಅಡಿ. ವಿಮಾನವನ್ನು ಹೊತ್ತು ತಂದು ಇಟ್ಟು, ನಿಂತು ಮಾತಾಡುತ್ತಿದ್ದಾಗ ಒಂದು ಗಸ್ಟ್ ಬಂತು. ಅದನ್ನು ಹಿಡಿದು ನಿಲ್ಲಿಸಲು ಓಡಿದವರಲ್ಲಿ ಅಂದು ಬೆಳಿಗ್ಗೆ ಮೊದಲ ಹಾರಾಟದ ಫೋಟೋ ತೆಗೆದಿದ್ದ ಜಾನ್ ಡೇನಿಯಲ್ಸ್ ಇದ್ದರು. ತಂತಿ, ಕಂಬಗಳ ನಡುವೆ ಸಿಕ್ಕಿಕೊಂಡು ವಿಮಾನದ ಜೊತೆಗೇ ಉರುಳಿದರು. ಮೈ ಜಜ್ಜಿದರೂ ಜೀವಕ್ಕೆ ಅಪಾಯವಾಗಲಿಲ್ಲ. ವಿಮಾನ ಮುರಿಯಿತು. ಅದು ಮತ್ತೆ ಹಾರಲಿಲ್ಲ.